ಹನ್ನೊಂದು ದಿನ

ನಮ್ಮ ಕಸುಬಿನಲ್ಲಿ ಸುಣ್ಣವಿಲ್ಲ, ಸಿಮೆಂಟಿಲ್ಲ.
ಒಂದರ ಮೇಲೆ ಎರಡು, ಎರಡರ ಮೇಲೆ ಒಂದು,
ನಡುವಿನ ಸಂದಿಗೆ ಚೂರುಕಲ್ಲು.
ಕೈಗೆತ್ತಿಕೊಂಡ ಕಲ್ಲನ್ನು ಮತ್ತೆ ಕೆಳಗಿಡಬಾರದು,
ಅದರ ಜಾಗ ಎಲ್ಲೋ ಇದೆ, ಹುಡುಕು
ಎನ್ನುತ್ತಿದ್ದ ನನ್ನಪ್ಪ.

ವಾಲ್ಟರ್ ಹೊಗಾರ್ತನ ಕತ್ತೆಗಳಿಗೆ ಹೀಗೆ
ಇಪ್ಪತ್ತೆರಡು ಗಜ ಗೋಡೆ ಎಬ್ಬಿಸಿದೆ.
ಮಾರ್ಚಿ ಹದಿನಾಲ್ಕಕ್ಕೆ ಬಿಲ್ಲು:
ಎಂಟುನೂರ ನಲವತ್ತು ಪೌಂಡು, ಕಲ್ಲು ಅವನದೇ.
ಕೆಲ್ಸೋದಿಂದ ಬೆರಿಕ್‌ಗೆ ಮೂವತ್ತೊಂದು ವರ್ಷ
ಒಂದು ನಿಮಿಷ ತಪ್ಪದೆ ಬಸ್ಸು ಓಡಿಸಿದವನು,
ಇವನು ತಡಮಾಡುತ್ತಾನೆಯೇ ಅಂದುಕೊಂಡೆ.

ಮೊದಲ ವರ್ಷ ಛಾವಣಿ ಸೋರಿತು.
ಎರಡನೆಯದರಲ್ಲಿ ಮಾರ್ಗರಿ ಹಾಸಿಗೆ ಹಿಡಿದಳು.
ಮೂರನೆಯದರಲ್ಲಿ ಅವಳನ್ನು ಮಣ್ಣು ಮಾಡಿ ಬಂದು
ಎಲ್ಲರಿಗೂ ಚಹಾ ಹಂಚುತ್ತಿದ್ದ ಆ ಕೈಯನ್ನು ನೋಡಿ
ಕೇಳುವುದು ಹೇಗೆ?
ನಾಲ್ಕನೆಯದರಲ್ಲಿ ಏನಾಯಿತೋ,
ನನಗೂ ನೆನಪಿಲ್ಲ. ಹೋಯಿತು.
ದಾಕ್ಷಿಣ್ಯದ ಮನೆಯಲ್ಲಿ ಯಾರೂ ಕ್ಯಾಲೆಂಡರ್ ತೂಗುಹಾಕುವುದಿಲ್ಲ.

ಸಲಹಾ ಕೇಂದ್ರದ ಹುಡುಗ ರೂರಿ
ಬೆರಳು ಮಡಚಿ ಎಣಿಸಿದ, ಮತ್ತೊಮ್ಮೆ ಎಣಿಸಿದ.
"ಇಂಥ ಸಣ್ಣ ದಾವೆಗೆ ವಕೀಲರೂ ಬೇಡ,
ಒಂದು ಅರ್ಜಿ ತುಂಬಿ ಜೆಡ್‌ಬರ್ಗ್ ಕೋರ್ಟಿಗೆ ಹಾಕಿದರೆ ಆಗಿತ್ತು.
ಆದರೆ ಐದು ವರ್ಷದ ಗಡುವು.
ನಿಮಗೆ ಹನ್ನೊಂದು ದಿನ ಮೀರಿದೆ."
ನಡುವೆ ಒಂದು ಪೌಂಡಾದರೂ ಕೊಟ್ಟನೇ?
ಕೊಡಬೇಕಾದ ಸಾಲದ ಬಗ್ಗೆ ಒಂದು ಸಾಲಾದರೂ
ಬರೆದನೇ? ಬರೆದಿದ್ದರೆ ಗಡಿಯಾರ
ಅಲ್ಲಿಂದ ಮತ್ತೆ ಮೊದಲಾಗುತ್ತಿತ್ತು.

ಬರೆದಿದ್ದ. ಪ್ರತಿ ಕ್ರಿಸ್‌ಮಸ್ಸಿಗೂ.
ಕೆಂಪೆದೆಯ ಹಕ್ಕಿಯ ಕಾರ್ಡು, ಒಳಗೆ
"ನಿನ್ನ ಗೋಡೆ ಗಾಳಿಗೂ ಜಗ್ಗಲಿಲ್ಲ."
ಬಾಕಿಯ ಮಾತಿಲ್ಲ. ಐದೂ ಕಾರ್ಡನ್ನು
ಮೇಜಿನ ಮೇಲೆ ಹರಡಿ, ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಕೋಲ್ಡ್‌ಸ್ಟ್ರೀಮ್ ಸೇತುವೆಯ ಆಚೆ ಇಂಗ್ಲೆಂಡು.
ಅಲ್ಲಿ ಆರು ವರ್ಷವಂತೆ. ಅದೂ ಮುಗಿದ ಮೇಲೆ
ಕೋರ್ಟಿನ ಬಾಗಿಲು ಮುಚ್ಚುತ್ತದೆ ಅಷ್ಟೇ,
ಸಾಲ ಹೊರಗೆ ಚಳಿಯಲ್ಲಿ ಬದುಕಿರುತ್ತದೆ.
ನಮ್ಮ ದಡದಲ್ಲಿ ಹಾಗಲ್ಲ.
ಇಲ್ಲಿ ಸಾಲವೇ ಸಾಯುತ್ತದೆ.
ತೀರಿಸದೆ ತೀರಿಹೋಗುತ್ತದೆ.
ನಡುಸೇತುವೆಯಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದೆ.
ಟ್ವೀಡ್ ನದಿ ಎರಡೂ ದಡದ ನೀರನ್ನು
ಒಂದೇ ಕಡೆಗೆ ಒಯ್ಯುತ್ತಿತ್ತು.

ಸತ್ತದ್ದು ಏನು ಹಾಗಾದರೆ?
ಗೋಡೆ ಸತ್ತಿಲ್ಲ. ಒಂಬತ್ತನೆಯ ದಿನ
ಮೂಲೆಗಲ್ಲು ಜಾರಿ ಜಜ್ಜಿದ ಕಿರುಬೆರಳ ಉಗುರು
ಈಗಲೂ ಸೊಟ್ಟಗೇ ಬೆಳೆಯುತ್ತದೆ,
ತಿಂಗಳಿಗೆರಡು ಸಲ ಕತ್ತರಿಸುತ್ತೇನೆ.

ಏಪ್ರಿಲಿನಲ್ಲಿ ಅವನ ಫೋನು. ಮುದಿ ಕತ್ತೆಯೊಂದು
ಬೆನ್ನು ಉಜ್ಜಿ ಉಜ್ಜಿ ಮೇಲುಗಲ್ಲು ಉರುಳಿಸಿತ್ತು.
ಸುತ್ತಿಗೆ ತೆಗೆದುಕೊಂಡು ಹೋದೆ. ಯಾಕೆ ಹೋದೆ
ಎಂದು ತಂಗಿ ಈಗಲೂ ಬೈಯುತ್ತಾಳೆ.
ಎರಡು ಕಲ್ಲು ಕೂಡಿಸುವಷ್ಟರಲ್ಲಿ ಬಂದ ವಾಲ್ಟರ್,
ಮಡಚಿ ಮೆತ್ತಗಾದ ಲಕೋಟೆ ಹಿಡಿದು.
"ಇನ್ನೂರಿದೆ, ಎಲ್ಸ್‌ಪೆತ್. ತಡವಾಯ್ತು.
ಮಿಕ್ಕ ಸಾಲ ಬೇಸಿಗೆಗೆ."

ನಾಲಗೆಯ ತುದಿಯಲ್ಲಿತ್ತು:
ನೀನು ನನಗೆ ಏನೂ ಕೊಡಬೇಕಿಲ್ಲ, ವಾಲ್ಟರ್,
ಇಪ್ಪತ್ತೇಳು ದಿನಗಳಿಂದ.
ಹೇಳಬೇಕಿತ್ತೇ? ಹೇಳಬಾರದಿತ್ತೇ?
ಕೈಯಲ್ಲಿ ಕಲ್ಲಿತ್ತು. ಕೆಳಗಿಡುವಂತಿರಲಿಲ್ಲ.
ಅವನೇ ಲಕೋಟೆಯನ್ನು ನನ್ನ ಕೋಟಿನ ಜೇಬಿಗೆ ತುರುಕಿ
ರಸೀತಿ ಕೇಳಿದ. ಮೂವತ್ತೊಂದು ವರ್ಷ
ಟಿಕೆಟ್ ಹರಿದು ಕೊಟ್ಟವನ ಅಭ್ಯಾಸ.

ಮೊಣಕಾಲ ಮೇಲೆ ಪುಸ್ತಕ ಇಟ್ಟು ಬರೆದೆ.
ಬಾಬ್ತು: ಗೋಡೆ.
ಮೊತ್ತ: ಇನ್ನೂರು.
ತಾರೀಖು ನೀನೇ ಬರೆ ಎಂದೆ.

ಕನ್ನಡಕ ಹುಡುಕಲು ಒಳಗೆ ಹೋದ.
ಕತ್ತೆ ನನ್ನನ್ನೇ ನೋಡುತ್ತಿತ್ತು.